ಮೊದಲು ಬೀದಿ ಅಳೆಯಿರಿ, ಆಮೇಲೆ ಗಾಡಿ ನೋಡಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ನಾನು ಹೈಸ್ಕೂಲು ಟೀಚರಾಗಿ ನಿವೃತ್ತಳಾದವಳು, ವಯಸ್ಸು 64. ನಮ್ಮ ಯಜಮಾನರಿಗೆ 69, ಬ್ಯಾಂಕಿನಲ್ಲಿದ್ದರು. ಇಬ್ಬರಿಗೂ ಕಾರು ಓಡಿಸಲು ಬರುತ್ತದೆ. ಅವರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ನನಗೆ ಮಂಡಿ ನೋವು. ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ ನನ್ನ ಅಕ್ಕ, ಹಾಸನದಲ್ಲಿ ಇವರ ಹಳೇ ಸಹೋದ್ಯೋಗಿ, ತೀರ್ಥಹಳ್ಳಿಯಲ್ಲಿ ನನ್ನ ಕಾಲೇಜು ಗೆಳತಿ, ಧಾರವಾಡದಲ್ಲಿ ತಮ್ಮ, ಪುಣೆಯಲ್ಲಿ ಮಗಳು ಇದ್ದಾರೆ. ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಮೋಟರ್‌ಹೋಮ್ ಮಾಡಿಸಿ, ಎಲ್ಲರನ್ನೂ ನೋಡಿಕೊಂಡು ಬರೋಣ ಎನ್ನುತ್ತಾರೆ ಇವರು. ಈ ವಯಸ್ಸಿನಲ್ಲಿ ಬೇಡ ಎನ್ನುತ್ತಾರೆ ಮಕ್ಕಳು. ಏನು ಮಾಡೋಣ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಐದು ಮನೆಗಳಿವೆ. ಒಂದು ಜಲಪಾತವಿಲ್ಲ, ಒಂದು ಸಮುದ್ರತೀರವಿಲ್ಲ. ಕಾಡು, ಬೆಟ್ಟ ನೋಡಲು ಹೊರಟವರಿಗೆ ಬೇಕಾಗುವ ಗಾಡಿಯೇ ಬೇರೆ, ನೆಂಟರಿಷ್ಟರ ಮನೆಗೆ ಹೊರಟವರಿಗೆ ಬೇಕಾಗುವುದೇ ಬೇರೆ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಬಸ್ ಡಿಪೊದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನಾನು ನಿವೃತ್ತಿಯಾದ ವರ್ಷವೇ ಏಳು ಮೀಟರ್ ಹತ್ತಿರದ ಉದ್ದನೆ ಟ್ರಾವೆಲರ್ ಒಂದನ್ನು ಮನೆ ಮಾಡಿಸಿಕೊಂಡೆ. ಒಳಗೆ ಅಡುಗೆಮನೆ, ಎ.ಸಿ., ಷವರ್ ಎಲ್ಲ ಇತ್ತು. ಆದರೆ ನನ್ನ ಮನೆಯವಳ ಅಣ್ಣನ ಊರಿಗೆ ಹೋದಾಗ ಗಾಡಿ ಊರಬಾಗಿಲಲ್ಲೇ ನಿಂತಿತು. ಅಲ್ಲಿಂದ ಒಳಗೆ ಒಂದು ತಿರುವು, ತಿರುವಿನಲ್ಲೊಂದು ಜಗಲಿ. ಬಸ್ ತಿರುಗಿಸಿ ಅಭ್ಯಾಸವಿದ್ದ ನನಗೂ ಆಗಲಿಲ್ಲ. ಎರಡು ದಿನ ಗಾಡಿ ಊರಾಚೆ ಕಣದಲ್ಲಿ, ನಾವು ಊರೊಳಗೆ. ಹಲ್ಲುಜ್ಜುವ ಬ್ರಷ್ ಬೇಕೆಂದರೂ ಅರ್ಧ ಮೈಲಿ ನಡೆಯಬೇಕಿತ್ತು.

ಆದ್ದರಿಂದ ಯಾವ ಗಾಡಿಗೂ ಮುಂಗಡ ಕೊಡುವ ಮೊದಲು ಐದೂ ಮನೆಗೆ ಫೋನ್ ಮಾಡಿ. ಬೀದಿಯ ಅಗಲ ಎಷ್ಟು, ಒಂದು ಟಾಟಾ ಏಸ್ ಎದುರಿಗೆ ಬಂದರೆ ಇನ್ನೊಂದು ದಾಟುತ್ತದೆಯೇ, ಕೊನೆಯ ತಿರುವಿನಲ್ಲಿ ಶಾಲೆಯ ಬಸ್ಸು ಬರುತ್ತದೆಯೇ ಎಂದು ಕೇಳಿ. ಶಾಲೆಯ ಬಸ್ಸು ಬರುವ ಬೀದಿಗೆ ನಿಮ್ಮ ಗಾಡಿಯೂ ಹೋಗುತ್ತದೆ, ಇದು ನನ್ನ ಸುಲಭದ ಲೆಕ್ಕ. ಎಷ್ಟೋ ಜನ ಅಗಲ ಮಾತ್ರ ಕೇಳಿ ಎತ್ತರ ಮರೆಯುತ್ತಾರೆ. ಚಾವಣಿಯ ಮೇಲೆ ಎ.ಸಿ., ಸೋಲಾರ್ ಹಲಗೆ, ಕ್ಯಾರಿಯರ್ ಎಲ್ಲ ಕೂರಿಸಿದರೆ ಗಾಡಿ ಮೂರು ಮೀಟರ್ ಮುಟ್ಟುತ್ತದೆ. ನಮ್ಮ ಹಳ್ಳಿಗಳಲ್ಲಿ ಒಂದು ಕಂಬದಿಂದ ಇನ್ನೊಂದಕ್ಕೆ ಇಳಿಬಿದ್ದ ಕೇಬಲ್ ಟಿವಿ ವೈರು, ರೈಲ್ವೆ ಗೇಟು ತೆಗೆದು ಮಾಡಿದ ತಗ್ಗಿನ ಅಂಡರ್‌ಪಾಸು, ಅದರ ಮುಂದೆ ನೆಟ್ಟ ಕಬ್ಬಿಣದ ಕಮಾನು ಎಲ್ಲ ಎದುರಾಗುತ್ತವೆ. ನಾನೊಂದು ಬಿದಿರ ಗಳಕ್ಕೆ ಗಾಡಿಯ ಎತ್ತರಕ್ಕಿಂತ ಒಂದು ಗೇಣು ಮೇಲೆ ಕೆಂಪು ಬಣ್ಣ ಹಚ್ಚಿಟ್ಟುಕೊಂಡಿದ್ದೇನೆ. ಅನುಮಾನ ಬಂದ ಕಡೆ ಮನೆಯವಳು ಇಳಿದು ಗಳ ಹಿಡಿದು ಮುಂದೆ ನಡೆಯುತ್ತಾಳೆ. ಉತ್ಸವಮೂರ್ತಿಯ ಮುಂದೆ ಛತ್ರಿ ಹಿಡಿದು ಹೋದ ಹಾಗೆ ಕಾಣುತ್ತದೆ ಎಂದು ಊರಿನ ಹುಡುಗರು ನಗುತ್ತಾರೆ, ನಗಲಿ. ಎತ್ತರವನ್ನು ದೊಡ್ಡ ಅಂಕಿಯಲ್ಲಿ ಬರೆದು ಸ್ಟೇರಿಂಗ್ ಎದುರಿಗೇ ಅಂಟಿಸಿಬಿಡಿ.

ಇನ್ನು ಮಲಗುವ ವಿಚಾರ. ಕಣದಲ್ಲಿ ಗಾಡಿ ನಿಂತ ಆ ರಾತ್ರಿ, ಊಟವಾದ ಮೇಲೆ ನಾವು ಗಾಡಿಯಲ್ಲೇ ಮಲಗುತ್ತೇವೆ ಎಂದು ಎದ್ದೆವು. ಅಣ್ಣನ ಹೆಂಡತಿ ಟಾರ್ಚು ಹಿಡಿದು ಕಣದವರೆಗೂ ಬಂದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ಬೆಳಕು ಬಿಟ್ಟು ಹಾಸಿಗೆ, ಸಿಂಕು, ಪರದೆ ಎಲ್ಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೆಲ್ಲ ಕಟ್ಕಂಡು ಬಂದವ್ರಲ್ಲ, ನಮ್ಮನೇಲಿ ಒಂದ್ ಚಾಪೆ ಇಲ್ಲಾಂತಾನಾ?" ಎಂದರು. ಬೆನ್ನುನೋವು, ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಬೇಗ ಏಳುತ್ತೇನೆ ಎಂದು ನಾನು ಕೊಟ್ಟ ಕಾರಣ ಒಂದೂ ನಡೆಯಲಿಲ್ಲ. ಚಾಪೆಯ ಮೇಲೆಯೇ ಮಲಗಿದೆ. ಹತ್ತಿರದ ನೆಂಟರು ನೀವು ಬಂದಿದ್ದಕ್ಕೆ ಸಂತೋಷಪಡುತ್ತಾರೆ, ನೀವು ಮನೆಯ ಸಮೇತ ಬಂದಿದ್ದಕ್ಕೆ ಒಳಗೊಳಗೇ ನೊಂದುಕೊಳ್ಳುತ್ತಾರೆ. ನಿಮ್ಮ ಅಕ್ಕನ ಮನೆಯಲ್ಲೂ ಇದೇ ಆಗುತ್ತದೆ. ಧಾರವಾಡದ ತಮ್ಮನಂತೂ ಬಿಡುವ ಮಾತೇ ಇಲ್ಲ.

ಒಂದು ಕಾಗದ ತೆಗೆದುಕೊಂಡು ರಾತ್ರಿಗಳನ್ನು ಲೆಕ್ಕ ಹಾಕಿ. ನಿಮ್ಮ ವಯಸ್ಸಿಗೆ ದಿನಕ್ಕೆ ಇನ್ನೂರು ಕಿಲೋಮೀಟರ್ ಸಾಕು. ಮೈಸೂರಿಂದ ಪಾಂಡವಪುರ ಬೆಳಗಿನ ತಿಂಡಿಯ ದೂರ. ಅಲ್ಲಿಂದ ನಾಗಮಂಗಲ, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಅರ್ಧ ದಿನ. ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರು, ಕೊಪ್ಪ ದಾಟಿ ತೀರ್ಥಹಳ್ಳಿ, ಅದಕ್ಕೊಂದು ಇಡೀ ದಿನ. ತೀರ್ಥಹಳ್ಳಿಯಿಂದ ಶಿವಮೊಗ್ಗ, ಹೊನ್ನಾಳಿ, ಹರಿಹರ, ಹಾವೇರಿ ಮೂಲಕ ಧಾರವಾಡ ಮುನ್ನೂರರ ಹತ್ತಿರ, ನಡುವೆ ಒಂದು ರಾತ್ರಿ ತಂಗಬೇಕು. ಧಾರವಾಡದಿಂದ ಪುಣೆ ನಾನೂರಕ್ಕೂ ಮೇಲೆ, ಕೊಲ್ಹಾಪುರದಲ್ಲಿ ಇನ್ನೊಂದು ರಾತ್ರಿ. ಅಂದರೆ ಹೋಗುವಾಗ ಗಾಡಿಯಲ್ಲಿ ಮಲಗಲೇಬೇಕಾದ ರಾತ್ರಿ ಎರಡು. ಎರಡು ರಾತ್ರಿಗೆ ಅಡುಗೆಮನೆ, ಷವರು, ಎ.ಸಿ. ಎಲ್ಲ ಕಟ್ಟಿಸಿ ಹಲವು ಲಕ್ಷ ಸುರಿಯಬೇಕೇ ಎಂಬುದನ್ನು ನಿಮ್ಮ ಯಜಮಾನರ ಎದುರಿಗಿಟ್ಟು ಕೇಳಿ. ಬ್ಯಾಂಕಿನವರು, ಲೆಕ್ಕ ತಿಳಿಯುತ್ತದೆ.

ಹಾಗಾದರೆ ಗಾಡಿಯೇ ಬೇಡವೇ ಎಂದರೆ, ಬೇಕು. ಅದಕ್ಕೆ ಕಾರಣ ನಿಮ್ಮ ಮಂಡಿ. ಹಳ್ಳಿಯ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವೇ ಇರುವುದು ಹೆಚ್ಚು, ಹೆದ್ದಾರಿಯ ಹೋಟೆಲಿನಲ್ಲೂ ಅದೇ. ಮಂಡಿ ನೋವಿನವರು ಊರಿಗೆ ಹೋಗುವುದನ್ನೇ ಬಿಟ್ಟಿರುವುದು ಇದೇ ಕಾರಣಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಮನೆಯ ಮುಂದೆ ನಿಂತ ಗಾಡಿಯಲ್ಲಿ ಕುರ್ಚಿಯಂತೆ ಕೂರುವ ಕಮೋಡ್ ಒಂದು, ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಲು ಹಾಸಿಗೆ ಒಂದು, ಇನ್ಸುಲಿನ್ನಿಗೆ ಚಿಕ್ಕ ಫ್ರಿಜ್ ಒಂದು ಇದ್ದರೆ ನಿಮಗೆ ಬೇಕಾದ್ದು ಬಂತು. ಇದೆಲ್ಲ ಚಿಕ್ಕ ವ್ಹೀಲ್‌ಬೇಸಿನ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ ಇರುವ ಟ್ರಾವೆಲರಿನಲ್ಲೇ ಹಿಡಿಸುತ್ತದೆ, ಅಕ್ಕನ ಮನೆಯ ಬೀದಿಗೂ ಹೋಗುತ್ತದೆ. ರಾತ್ರಿ ಚಾಪೆ ಅಕ್ಕನದು, ಬೆಳಗಿನ ಜಾವ ಕಮೋಡ್ ನಿಮ್ಮದು. ಯಾರಿಗೂ ಬೇಸರವಿಲ್ಲ.

ಕಮೋಡ್ ಎಂದರೆ ಕ್ಯಾಸೆಟ್ ಬಗೆಯದು ಹಾಕಿಸಿ. ಕೆಳಗೆ ಹದಿನೆಂಟು ಇಪ್ಪತ್ತು ಲೀಟರಿನ ಪೆಟ್ಟಿಗೆ ಇರುತ್ತದೆ, ಇಬ್ಬರಿಗೆ ಮೂರು ದಿನ ಬರುತ್ತದೆ. ಹೊರಗಿನ ಚಿಕ್ಕ ಬಾಗಿಲಿಂದ ಎಳೆದು, ಶೌಚಾಲಯದಲ್ಲೇ ಸುರಿದು ತೊಳೆಯಬೇಕು. ಚರಂಡಿಗೆ, ಗದ್ದೆ ಬದುವಿಗೆ ಸುರಿಯುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಪೆಟ್ಟಿಗೆಗೆ ಹಾಕುವ ದ್ರಾವಣದಲ್ಲಿ ಎರಡು ಬಗೆ ಉಂಟು. ಫಾರ್ಮಾಲ್ಡಿಹೈಡ್ ಇರುವುದನ್ನು ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ, ಮನೆಯವರಿಗೆ ಆಮೇಲೆ ನಾತ. ಎಂಜೈಮಿನದನ್ನೇ ಕೊಳ್ಳಿ. ಮಗಳ ಅತ್ತೆಮನೆಗೆ ಮೊದಲ ಸಲ ಗಾಡಿ ತೆಗೆದುಕೊಂಡು ಹೋದಾಗ ಆ ಪೆಟ್ಟಿಗೆ ಹಿಡಿದು ಬೀಗರ ಹಜಾರ ದಾಟುವ ಧೈರ್ಯ ನನಗೆ ಬರಲಿಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ಪೆಟ್ರೋಲ್ ಬಂಕಿಗೆ ಹೋಗಿ, ಅಲ್ಲಿನ ಹುಡುಗನಿಗೆ ಕೇಳಿ, ಕೆಲಸ ಮುಗಿಸಿ ಬಂದೆ. ಈಗ ಆ ಸಂಕೋಚವಿಲ್ಲ, ಹೋದ ತಕ್ಷಣ ಮನೆಯ ಗಂಡಸರಲ್ಲಿ ಒಬ್ಬರಿಗೆ ಹೇಳಿಬಿಡುತ್ತೇನೆ.

ಕರೆಂಟಿನ ಲೆಕ್ಕ ಸ್ವಲ್ಪ ನಿಧಾನವಾಗಿ ಓದಿ, ಬಾಡಿ ಕಟ್ಟುವವರು ಇಲ್ಲೇ ಜೇಬಿಗೆ ಕೈ ಹಾಕುವುದು. 200 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 2,500 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಹನ್ನೆರಡು ವೋಲ್ಟಿನ ಎರಡು ಫ್ಯಾನು ರಾತ್ರಿಯಿಡೀ ತಿರುಗಿದರೆ 500, ಚಿಕ್ಕ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಇನ್ನೊಂದು 500, ದೀಪ, ಫೋನು ಸೇರಿ 100. ಬಿಸಿಲೇ ಇಲ್ಲದಿದ್ದರೂ ಎರಡು ದಿನ ನಿಭಾಯಿಸುತ್ತದೆ. ಇದಕ್ಕೆ ಒಂದು ಟನ್ನಿನ ಎ.ಸಿ. ಸೇರಿಸಿದಿರೋ, ಗಂಟೆಗೆ ಸಾವಿರದ ಹತ್ತಿರ ಹೀರಿ ಬೆಳಗಾಗುವ ಮೊದಲೇ ಬ್ಯಾಟರಿ ಮಲಗುತ್ತದೆ. ಚಳಿಗಾಲದಲ್ಲಿ ಹೊರಟರೆ ಎ.ಸಿ. ಬೇಕಾಗುವುದೂ ಇಲ್ಲ. ನೆಂಟರ ಮನೆಯಿಂದ ವೈರು ಎಳೆದು ಚಾರ್ಜ್ ಮಾಡುವಾಗ ಇನ್ನೊಂದು ಎಚ್ಚರ. ಹಜಾರದ ಸಾಮಾನ್ಯ ಪ್ಲಗ್ಗು 6 ಆಂಪಿಯರಿನದು, ಅದರಿಂದ ಹೆಚ್ಚೆಂದರೆ 1,380 ವ್ಯಾಟ್. ಬ್ಯಾಟರಿ ಚಾರ್ಜರಿಗೆ ಅದು ಸಾಕು, ಇಂಡಕ್ಷನ್ ಒಲೆ ಹಾಕಿದರೆ ಪ್ಲಗ್ಗು ಕರಗುತ್ತದೆ. ಒಲೆ ಹಚ್ಚಲೇಬೇಕೆಂದರೆ ಗೀಸರಿನ 16 ಆಂಪಿಯರ್ ಪ್ಲಗ್ಗು ಕೇಳಿ. ಹಳೇ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತಿರುತ್ತದೆ, ಮೂರನೆಯದಕ್ಕೆ ಅರ್ತಿಂಗ್ ಇರುವುದಿಲ್ಲ. ಅಂಥ ಕಡೆ ಚಾರ್ಜರಿನಲ್ಲಿ ಲೀಕೇಜ್ ಇದ್ದರೆ ಗಾಡಿಯ ತಗಡು ಮುಟ್ಟಿದವರಿಗೆ ಷಾಕ್ ಹೊಡೆಯುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೂರು ದೀಪದ ಚಿಕ್ಕ ಸಾಕೆಟ್ ಟೆಸ್ಟರ್ ಸಿಗುತ್ತದೆ, ಮೊದಲು ಅದನ್ನು ಚುಚ್ಚಿ ನೋಡಿ, ಆಮೇಲೆ ವೈರು ಎಳೆಯಿರಿ.

ಒಳಗೆ ಗ್ಯಾಸ್ ಸಿಲಿಂಡರ್ ಬೇಡವೇ ಬೇಡ ಎನ್ನುವವನು ನಾನು. ಅಡುಗೆಯ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲಿ ಕೂಡಿಕೊಳ್ಳುತ್ತದೆ. ನೀವು ಮಲಗುವ ಹಾಸಿಗೆಯೂ ನೆಲದಿಂದ ಎರಡೇ ಅಡಿ ಮೇಲಿರುತ್ತದೆ. ಕಾಫಿಗೆ ಫ್ಲಾಸ್ಕು ಸಾಕು.

ನೀರು ಲೀಟರಿಗೆ ಒಂದು ಕೆ.ಜಿ. ನನ್ನ ಮೊದಲ ಗಾಡಿಯಲ್ಲಿ ಬಾಡಿ ಕಟ್ಟಿದವನು 150 ಲೀಟರಿನ ಟ್ಯಾಂಕನ್ನು ಹಿಂದಿನ ಚಕ್ರದಾಚೆಗೆ, ಅದೂ ಒಂದೇ ಪಕ್ಕಕ್ಕೆ ಕೂರಿಸಿಬಿಟ್ಟ. ಟ್ಯಾಂಕು ತುಂಬಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು ತೇಲುತ್ತಿತ್ತು. ಟ್ಯಾಂಕು ಎರಡು ಆಕ್ಸೆಲ್ಲುಗಳ ನಡುವೆ, ಆದಷ್ಟು ಕೆಳಗೆ ಇರಲಿ. ನಿಮಗೆ ಅರವತ್ತು ಲೀಟರ್ ಸಾಕು. ಸಾಮಾನೆಲ್ಲ ತುಂಬಿದ ಮೇಲೆ ಒಮ್ಮೆ ರೈಸ್‌ಮಿಲ್ಲಿನ ವೇ ಬ್ರಿಡ್ಜಿಗೆ ಹೋಗಿ. ಇಡೀ ಗಾಡಿಯನ್ನು ತೂಗಿ, ಆಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿ, ಎರಡನ್ನೂ ಬರೆದುಕೊಳ್ಳಿ. ಹೊರಡುವಾಗ ಖಾಲಿ ಜಾಗ ಬಿಟ್ಟೇ ಹೊರಡಿ. ಪಾಂಡವಪುರದಲ್ಲಿ ಅಕ್ಕ ಬೆಲ್ಲ, ಅಕ್ಕಿ ಹಾಕದೆ ಕಳಿಸುವುದಿಲ್ಲ, ತೀರ್ಥಹಳ್ಳಿಯಲ್ಲಿ ಅಡಿಕೆ, ಬಾಳೆಗೊನೆ. ಬೇಡ ಎನ್ನುವ ಹಾಗಿಲ್ಲ. ಹಾಗೆ ಕೊಟ್ಟ ಹತ್ತು ತೆಂಗಿನಕಾಯಿಯನ್ನು ನಾನೊಮ್ಮೆ ಸೀಟಿನ ಹಿಂದೆ ಸುಮ್ಮನೆ ಇಟ್ಟಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಲು ಹೋದರೆ ಪೆಡಲ್ಲು ಅರ್ಧಕ್ಕೇ ನಿಂತಿತು. ಕೆಳಗೆ ಒಂದು ಕಾಯಿ ಸಿಕ್ಕಿಕೊಂಡಿತ್ತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅಂದಿನಿಂದ ಮುಚ್ಚಳವಿರುವ ಪೆಟ್ಟಿಗೆಗೆ ಹೋಗದ ಯಾವ ಕಾಯಿಯೂ ನನ್ನ ಗಾಡಿ ಹತ್ತಿಲ್ಲ.

ಕಾನೂನು. ಹಳೇ ಟ್ರಾವೆಲರಿನ ಸೀಟು ಕಿತ್ತು ಹಾಸಿಗೆ ಹಾಕಿಸಿದರೆ ಮುಗಿಯಿತು ಎಂದುಕೊಂಡವರು ಬಹಳ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಮೋಟರ್‌ಹೋಮಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಮಂಜೂರಾತಿ ಇರುವ ಕಡೆ ಕೆಲಸ ಮಾಡಿಸಿ, ಆರ್.ಟಿ.ಒ.ದಲ್ಲಿ ಆರ್.ಸಿ. ತಿದ್ದಿಸಿ, ವಿಮೆ ಕಂಪನಿಗೆ ಲಿಖಿತವಾಗಿ ತಿಳಿಸಿ. ಆರ್.ಸಿ.ಯಲ್ಲಿ ಹನ್ನೆರಡು ಸೀಟು, ಒಳಗೆ ಮಂಚ ಎಂದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೇ ಅದನ್ನು. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಮಲಗಬಾರದು, ಸೀಟಿನಲ್ಲಿ ಬೆಲ್ಟ್ ಹಾಕಿಯೇ ಕೂರಬೇಕು.

ಲೈಸೆನ್ಸಿನ ಚಿಂತೆ ಕಡಿಮೆ. ಟ್ರಾವೆಲರ್ 7,500 ಕೆ.ಜಿ.ಯ ಮಿತಿಯೊಳಗೇ ಬರುತ್ತದೆ, ಕಾರಿನ ಎಲ್.ಎಂ.ವಿ. ಲೈಸೆನ್ಸಿನಲ್ಲಿ ಓಡಿಸಬಹುದು. ಹಳದಿ ಬೋರ್ಡಿನ ಗಾಡಿಯಾದರೂ ಈ ತೂಕದೊಳಗೆ ಅದೇ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ 55 ದಾಟಿದವರಿಗೆ ನವೀಕರಣ ಐದೈದು ವರ್ಷಕ್ಕೆ, ಜೊತೆಗೆ ಡಾಕ್ಟರ ಪ್ರಮಾಣಪತ್ರ ಫಾರಂ 1ಎ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಇಬ್ಬರ ಕಾರ್ಡುಗಳನ್ನೂ ಈಗಲೇ ತೆಗೆದು ದಿನಾಂಕ ನೋಡಿ.

ಹಳೇ ಗಾಡಿ ಕೊಳ್ಳುವುದೇ ಆದರೆ ಎರಡು ಜಾಗ ನೋಡಿ ಸಾಕು. ಹಿಂದಿನ ಚಕ್ರದ ಕಮಾನಿನ ಒಳಗೆ ಸ್ಕ್ರೂಡ್ರೈವರಿನಿಂದ ಚುಚ್ಚಿ, ಒಳಹೊಕ್ಕರೆ ತುಕ್ಕು ತಿಂದಿದೆ, ವಾಪಸು ಬನ್ನಿ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರು ಎಷ್ಟೇ ಹೂವು ಉಳಿಸಿಕೊಂಡಿದ್ದರೂ ಬದಲಿಸಿ, ಸ್ಟೆಪ್ನಿಯನ್ನೂ.

ದಾರಿಯ ವಿಷಯ. ಮಳೆಗಾಲ ಕಳೆದು, ದೀಪಾವಳಿ ಮುಗಿಸಿ ಹೊರಡಿ. ತೀರ್ಥಹಳ್ಳಿಗೆ ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ಮುಟ್ಟಿದರೆ ಗೆಳತಿಯ ಮನೆ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೋ ಮೊದಲೇ ಕೇಳಿಕೊಳ್ಳಿ. ನಮ್ಮ ಕಡೆ ಆ ತಿಂಗಳುಗಳಲ್ಲಿ ಎರಡು ಅಪಾಯಗಳಿವೆ. ಒಂದು ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೈಲರು, ಹಿಂದೆ ದೀಪವಿಲ್ಲ, ಪಕ್ಕಕ್ಕೆ ಚಾಚಿದ ಕಬ್ಬು. ಮಂಡ್ಯ ಸೀಮೆಯಲ್ಲಿ ಇದು ನಿಮಗೆ ಗೊತ್ತು, ಬೆಳಗಾವಿ ದಾಟಿ ನಿಪ್ಪಾಣಿ, ಕೊಲ್ಹಾಪುರದ ಕಡೆಯೂ ಇದೇ ಎಂಬುದು ನೆನಪಿರಲಿ. ಇನ್ನೊಂದು ರಸ್ತೆಯ ಮೇಲಿನ ಒಕ್ಕಣೆ. ರಾಗಿಯಾದರೆ ಚಕ್ರ ಜಾರುತ್ತದೆ ಅಷ್ಟೆ. ಹುರುಳಿ ಹಾಗಲ್ಲ, ಒಣಗಿದ ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಹುರುಳಿ ಹರಡಿದ ರಸ್ತೆ ಕಂಡರೆ ಬದಿಯಲ್ಲಿ ಹೋಗಿ. ದಾಟಲೇಬೇಕಾದರೆ ದಾಟಿ ಐವತ್ತು ಮೀಟರಿನಲ್ಲಿ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ. ನಿಮ್ಮ ಮಂಡಿಗೆ ಬಗ್ಗಲಾಗದು, ಫೋನಿನ ಕ್ಯಾಮೆರಾ ಕೆಳಗೆ ಹಿಡಿದು ನೋಡಿ. ಸೀಟಿನ ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಹಾವೇರಿ ಕಡೆ ಮತ್ತು ಕೊಲ್ಹಾಪುರದಲ್ಲಿ ತಂಗುವ ಆ ಎರಡು ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಖಂಡಿತ ನಿಲ್ಲಬೇಡಿ. ಲಾರಿಗಳು ನಿಲ್ಲುವ ದೊಡ್ಡ ಬಂಕಿಗೆ ಕತ್ತಲಾಗುವ ಮೊದಲೇ ಹೋಗಿ, ಡೀಸೆಲ್ ತುಂಬಿಸಿ, ಮ್ಯಾನೇಜರನ್ನು ಕೇಳಿ ದೀಪದ ಕಂಬದ ಕೆಳಗೆ ನಿಲ್ಲಿಸಿ. ತುಂಬಿಸಿದ ಮೇಲೆ ಕೇಳಿದರೆ ಬಹಳ ಸಲ ಒಪ್ಪುತ್ತಾರೆ.

ಇನ್ನೂ ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್ ತಗಡಿಗೆ ತಾಗಿ ಹೆಪ್ಪುಗಟ್ಟಿದರೆ ಬಿಸಾಡಬೇಕು. ಬಳಕೆಯಲ್ಲಿರುವುದನ್ನು ಹೊರಗಿಡಬಹುದು, ಆದರೆ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಕೈಚೀಲದಲ್ಲಿ ಒಯ್ಯಿರಿ. ಯಜಮಾನರು ಸ್ಟೇರಿಂಗ್ ಹಿಡಿಯುವ ಮೊದಲು ಪ್ರತಿ ಸಲ ಸಕ್ಕರೆ ನೋಡಿಕೊಳ್ಳಲಿ, ಗ್ಲೂಕೋಸ್ ಕೈಗೆಟುಕುವಲ್ಲಿರಲಿ. ಬೆವರು, ನಡುಕ ಎಂದರೆ ಆ ಕ್ಷಣವೇ ಪಕ್ಕಕ್ಕೆ ನಿಲ್ಲಿಸಬೇಕು. ಎರಡು ಗಂಟೆಗೊಮ್ಮೆ ಇಳಿದು ಇಬ್ಬರೂ ಹತ್ತು ನಿಮಿಷ ನಡೆಯಿರಿ. ಕತ್ತಲಾದ ಮೇಲೆ ಗಾಡಿ ಓಡಿಸುವ ಮಾತೇ ಬೇಡ.

ಇನ್ನು ಮಕ್ಕಳ ಮಾತು. ಅವರ ಭಯದಲ್ಲಿ ಅರ್ಧ ಸರಿ ಇದೆ. ಅದಕ್ಕೇ ಕೊಳ್ಳುವ ಮೊದಲು ಒಂದು ವಾರ ಬಾಡಿಗೆ ಗಾಡಿ ತೆಗೆದುಕೊಂಡು ಪಾಂಡವಪುರ, ಹಾಸನ ಎರಡೇ ಮನೆಗೆ ಹೋಗಿ ಬನ್ನಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಕೊಡುವವರ ಹತ್ತಿರ ಹೋಗಬೇಡಿ, ಅದು ಕಾನೂನಿಗೆ ವಿರುದ್ಧ, ವಿಮೆಯೂ ನಿಲ್ಲುವುದಿಲ್ಲ. ಮುಂದೆ ಅದೇ ಬಾಡಿಗೆ ಗಾಡಿಯಲ್ಲಿ ಪುಣೆಗೂ ಹೋಗುವುದಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದು ಕಾಗದ ತೆಗೆಸಿ ನೋಡಿ. ಹೊರಡುವ ಹಿಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮೈಸೂರಿನ ರಿಂಗ್ ರೋಡನ್ನು ಒಂದು ಸುತ್ತು ಯಜಮಾನರು, ಒಂದು ಸುತ್ತು ನೀವು ಓಡಿಸಿ. ಒಂದು ಸುತ್ತಿಗೆ ಸುಮಾರು 42 ಕಿಲೋಮೀಟರ್. ಸ್ಟೇರಿಂಗ್ ಹಿಡಿದು ಕೈ ಸೋಲುತ್ತದೆಯೇ, ಕನ್ನಡಿಯಲ್ಲಿ ಹಿಂದಿನದು ತಿಳಿಯುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ರಿವರ್ಸ್ ತೆಗೆಯುವಾಗ ನಿಮ್ಮಿಬ್ಬರಲ್ಲಿ ಜಗಳವಾಗುವುದು ಖಂಡಿತ, ಎಲ್ಲ ಗಂಡಹೆಂಡಿರಿಗೂ ಆಗುತ್ತದೆ. ಬಾಯಲ್ಲಿ ಕೂಗುವ ಬದಲು ಕೈಸನ್ನೆ ಮಾತ್ರ ಎಂದು ಮೊದಲೇ ಒಪ್ಪಿಕೊಳ್ಳಿ.

ಮಗಳ ಹತ್ತಿರ ಇವತ್ತೇ ಒಂದು ಕೆಲಸ ಹೇಳಿ. ಅವರ ಅಪಾರ್ಟ್‌ಮೆಂಟಿನ ಗೇಟಿನ ಕಮಾನು ಎಷ್ಟು ಎತ್ತರ, ಹೊರಗಿನಿಂದ ಬಂದವರ ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಎಂದು ಟೇಪು ಹಿಡಿದು ಅಳೆದು ಕಳಿಸಲಿ. ನೆಲಮಾಳಿಗೆಯ ಪಾರ್ಕಿಂಗಿಗೆ ನಿಮ್ಮ ಗಾಡಿ ಇಳಿಯುವುದಿಲ್ಲ, ಅದು ಖಚಿತ. ಐದೂ ಮನೆಯ ಅಳತೆ ಕೈಗೆ ಬಂದ ಮೇಲೆ ನನಗೆ ಬರೆಯಿರಿ, ಯಾವ ವ್ಹೀಲ್‌ಬೇಸ್ ಎಂದು ಆಗ ಹೇಳುತ್ತೇನೆ.